ಸಾಕಿದ ಹಾವಿಗೆ ಹುಷಾರಿಲ್ಲ ಎಂದು ಗೊತ್ತಾಗುವುದು ಹೇಗೆ? ಕಾಸರಗೋಡಿನವರಿಗೊಂದು ಮಾರ್ಗದರ್ಶಿ

ಬಾವಿಕಟ್ಟೆಯ ಹತ್ತಿರ ಸಿಕ್ಕಿದ ಹೆಬ್ಬಾವಿನ ಮರಿ ಸಾಕುಹಾವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ‘ಸಿಕ್ಕಿದ ಹಾವನ್ನು ಸಾಕಬಹುದಾ’ ಅನ್ನುವ ಪ್ರಶ್ನೆ ನಮ್ಮ ಕಡೆ ಬರುತ್ತಲೇ ಇರುತ್ತದೆ. ಹೆಬ್ಬಾವು, ನಾಗರಹಾವು, ಕೇರೆ ಹೀಗೆ ಇಲ್ಲಿನ ಹಾವುಗಳನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಹೆಬ್ಬಾವು ಮೊದಲ ಅನುಸೂಚಿಯ ಪ್ರಾಣಿ, ಇಟ್ಟುಕೊಂಡರೆ 3ರಿಂದ 7 ವರ್ಷ ಜೈಲಾಗಬಹುದು. 2022ರಲ್ಲಿ ಕಾಸರಗೋಡಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಹೆಬ್ಬಾವಿನ ಮೊಟ್ಟೆ ಸಿಕ್ಕಿತ್ತು. ಅವು ಮರಿಯಾಗುವ ತನಕ ಆ ಜಾಗದ ಕೆಲಸವನ್ನೇ ನಿಲ್ಲಿಸಿದ್ದರು, ನೆನಪಿದೆಯಲ್ವಾ? ತೋಟದಲ್ಲಿ ಗಾಯಗೊಂಡ ಹಾವು ಕಂಡರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿ. ತರಬೇತಿ ಪಡೆದವರು ಬರುತ್ತಾರೆ. ಕೆಳಗೆ ಬರೆದಿರುವ ಯಾವುದನ್ನೂ ಅದರ ಮೇಲೆ ಪ್ರಯೋಗ ಮಾಡಬೇಡಿ.

ಈ ಬರಹ ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಥರದ ವಿದೇಶಿ ಹಾವು ಸಾಕುವವರಿಗೆ. ಬಾಲ್ ಪೈಥಾನ್ ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗದ್ದು. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳದ್ದು. ಬಾಲ್ ಪೈಥಾನ್, ಬೋವಾ ಮುಂತಾದವು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ಹಾಗಾಗಿ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಆ ಕಾಗದದ ಒಂದು ಪ್ರತಿ ಕೈಯಲ್ಲಿರಲಿ. ಡಾಕ್ಟರ ಹತ್ತಿರ ಹೋಗುವಾಗ ಬೇಕಾಗುತ್ತದೆ.

ಇನ್ನೊಂದು ಮಾತು. ಹಾವು ಸಾಕುವ ಬಗ್ಗೆ ಸಿಗುವ ವಿಡಿಯೋಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತದೆ, ಗಾಳಿ ಒಣಗಿರುತ್ತದೆ. ಅದಕ್ಕೇ ಅವರು ದಿನಾ ನೀರು ಚಿಮುಕಿಸಿ, ಜಾಲರಿ ಮುಚ್ಚಿ ಅಂತ ಹೇಳುವುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನೇ ಮಾಡಿದರೆ ಹಾವಿಗೆ ಕಾಯಿಲೆ ಬರಿಸಿದಂತೆ. ಇಲ್ಲಿ ನಮ್ಮ ತಲೆನೋವು ಒಣ ಗಾಳಿಯಲ್ಲ. ಶೀತ, ಬೂಷ್ಟು, ಆಡದ ಗಾಳಿ. ಮುಂದಿನದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಹಂತ 1: ಒಂದು ಪುಸ್ತಕ, ಒಂದು ತಕ್ಕಡಿ

ಹಾವು ತನ್ನ ನೋವು ತೋರಿಸುವುದಿಲ್ಲ. ಕಾಡಿನಲ್ಲಿ ಸೋತಂತೆ ಕಂಡ ಪ್ರಾಣಿ ಬೇರೆಯವರ ಊಟವಾಗುತ್ತದೆ, ಹಾಗಾಗಿ ಆದಷ್ಟು ದಿನ ಏನೂ ಆಗದ ಹಾಗೆ ಇರುತ್ತದೆ. ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. ಆದ್ದರಿಂದ ‘ಹಾವು ಹೇಗಿರಬೇಕು’ ಅನ್ನುವುದಕ್ಕಿಂತ ‘ನನ್ನ ಹಾವು ಮಾಮೂಲಾಗಿ ಹೇಗಿರುತ್ತದೆ’ ಅನ್ನುವುದು ಗೊತ್ತಿರಬೇಕು.

ಅದಕ್ಕೆ ಬೇಕಾದದ್ದು ಬರೆಯುವ ಪುಸ್ತಕ ಮತ್ತು ಅಡುಗೆಮನೆಯ ಗ್ರಾಂ ತಕ್ಕಡಿ. ಹಾವಿಗೇ ಅಂತ ಬೇರೆ ತಕ್ಕಡಿ ತಂದರೆ ಮನೆಯಲ್ಲಿ ಶಾಂತಿ ಇರುತ್ತದೆ. ಮುಚ್ಚಳದ ಡಬ್ಬಿಯ ತೂಕ ಮೊದಲು ನೋಡಿ, ಆಮೇಲೆ ಹಾವನ್ನು ಅದರೊಳಗೆ ಬಿಟ್ಟು ತೂಗಿ. ಎರಡು ವಾರಕ್ಕೊಮ್ಮೆ ಸಾಕು. ಯಾವಾಗ ತಿಂದಿತು, ಎಷ್ಟು ದೊಡ್ಡ ಇಲಿ, ಯಾವಾಗ ಮಲ ಹಾಕಿತು, ಪೊರೆ ಒಂದೇ ತುಂಡಾಗಿ ಬಂತೋ ಚೂರುಚೂರಾಗಿಯೋ, ಹಾವು ಇರುವ ಬಾಕ್ಸಿನ ಬಿಸಿ ಬದಿ (ಬಿಸಿ ಕೊಡುವ ಕಡೆ) ಮತ್ತು ತಂಪು ಬದಿಯ ಉಷ್ಣತೆ ಎಷ್ಟು, ತೇವಾಂಶ ಎಷ್ಟು, ಎಲ್ಲ ಬರೆಯಿರಿ. ನಾಳೆ ಡಾಕ್ಟರು ಕೇಳುವುದು ಇದನ್ನೇ.

ಅಂದಾಜಿಗೆ ಹೇಳುವುದಾದರೆ, ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27, ತೇವಾಂಶ ಶೇಕಡಾ 55ರಿಂದ 70. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 28ರಿಂದ 30, ತಂಪು ಬದಿ 22ರಿಂದ 25, ತೇವಾಂಶ ಶೇಕಡಾ 40ರಿಂದ 60. ಹೀಟ್ ಮ್ಯಾಟ್ (ಕೆಳಗಿನಿಂದ ಬಿಸಿ ಕೊಡುವ ಕರೆಂಟಿನ ಹಾಸು) ಇದ್ದರೆ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದ ಹಾಗೆ ನೋಡಿಕೊಳ್ಳುವ ಸಾಧನ) ಬೇಕೇ ಬೇಕು. ಇದರಲ್ಲಿ ಚೌಕಾಶಿ ಇಲ್ಲ. ಕೆಳಗಿನಿಂದ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಬಿದ್ದಿರುತ್ತದೆ, ಹೊಟ್ಟೆ ಸುಟ್ಟ ಮೇಲೆ ನಮಗೆ ಗೊತ್ತಾಗುತ್ತದೆ.

ಹಂತ 2: ಮೊದಲು ಮುಟ್ಟದೆ ನೋಡಿ

ಬಾಕ್ಸ್ ತೆರೆಯುವ ಮೊದಲು ಐದು ನಿಮಿಷ ಸುಮ್ನೆ ನಿಂತು ನೋಡಿ. ಸಂಜೆ ಕತ್ತಲಾಗುವ ಹೊತ್ತು ಒಳ್ಳೆಯದು, ಆಗ ಅವು ಓಡಾಡಲು ಶುರು ಮಾಡುತ್ತವೆ.

ಎಲ್ಲಿ ಮಲಗಿದೆ? ದಿನವಿಡೀ ಬಿಸಿ ಬದಿಗೇ ಅಂಟಿಕೊಂಡಿದ್ದರೆ ಬಾಕ್ಸ್ ತಣ್ಣಗಿರಬಹುದು, ಅಥವಾ ಒಳಗೆ ಸೋಂಕಿರಬಹುದು. ಮೈ ಬಿಸಿ ಮಾಡಿಕೊಂಡು ರೋಗದೊಂದಿಗೆ ಸೆಣಸುವುದು ಹಾವಿನ ಕ್ರಮ. ದಿನವಿಡೀ ನೀರಿನ ಬೋಗುಣಿಯಲ್ಲೇ ಮುಳುಗಿದ್ದರೆ ಮೂರು ಕಾರಣ ಇರಬಹುದು: ಸೆಕೆ, ಪೊರೆ ಬಿಡುವ ಸಮಯ, ಅಥವಾ ಮೈಮೇಲೆ ನುಸಿ. ಏಪ್ರಿಲ್ ತಿಂಗಳಲ್ಲಿ ತಾರಸಿಯ ಕೆಳಗಿನ ಕೋಣೆಯಾದರೆ ಮೊದಲು ಸೆಕೆಯನ್ನೇ ಅನುಮಾನಿಸಿ. ಬಾಕ್ಸಿನ ತಂಪು ಬದಿಯೂ 35 ದಾಟಿದ್ದರೆ ಕಾಯಿಲೆ ಹುಡುಕುವುದು ಆಮೇಲೆ. ಮೊದಲು ಅದನ್ನು ಕೆಳಗಿನ ಕೋಣೆಗೆ ತನ್ನಿ.

ಗಾಜಿಗೆ ಮೂಗು ಉಜ್ಜುತ್ತಾ ಅತ್ತಿಂದಿತ್ತ ಓಡುತ್ತಿದ್ದರೆ ಅದು ಕಿರಿಕಿರಿಯ ಲಕ್ಷಣ. ಅಡಗಲು ಜಾಗ ಇಲ್ಲದಿರುವುದು, ಎದುರಿಗೇ ನಾಯಿ ಬೆಕ್ಕು ಓಡಾಡುವುದು, ಅತಿಯಾಗಿ ಕೈಗೆತ್ತಿಕೊಳ್ಳುವುದು, ಇವೆಲ್ಲ ಕಾರಣ. ಮೂಗಿನ ತುದಿ ಕೆಂಪಾಗಿ ಹುರುಪೆ ಎದ್ದಿದ್ದರೆ ಇದು ಬಹಳ ದಿನದಿಂದ ನಡೆಯುತ್ತಿದೆ ಅಂತ ಅರ್ಥ. ಬಿಸಿ ಬದಿಗೊಂದು, ತಂಪು ಬದಿಗೊಂದು ಬಿಗಿಯಾದ ಗೂಡು ಇಡಿ, ಗಾಜಿನ ಮೂರು ಬದಿಗೆ ಕಾಗದ ಅಂಟಿಸಿ. ಹಾವಿಗೆ ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಜನವರಿಯ ಕುಂಬಳೆ ಬೆಡಿಯ ದಿನ ಹತ್ತಿರದ ಮನೆಯ ಹಾವು ಇಲಿ ಮುಟ್ಟದಿದ್ದರೆ ಅದಕ್ಕೆ ಔಷಧಿ ಬೇಡ, ಎರಡು ದಿನ ಬಿಟ್ಟು ಕೊಡಿ.

ಹಂತ 3: ಕೈಗೆತ್ತಿಕೊಂಡು ತಲೆಯಿಂದ ಬಾಲದ ತನಕ

ಸೋಪು ಹಾಕಿ ಕೈ ತೊಳೆದುಕೊಳ್ಳಿ, ಮುಗಿದ ಮೇಲೂ ತೊಳೆಯಿರಿ. ಆರೋಗ್ಯವಾಗಿರುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವಿನ ಬೋಗುಣಿಯನ್ನು ಅಡುಗೆಮನೆಯಲ್ಲಿ ತೊಳೆಯಲೇಬಾರದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಬಂದ ಕೈಯಲ್ಲಂತೂ ಹಾವು ಮುಟ್ಟಬೇಡಿ.

ಮಧ್ಯದಲ್ಲಿ ಹಿಡಿದು ಎತ್ತಿ. ಗಟ್ಟಿ ಇರುವ ಹಾವು ಕೈಗೆ ಸುತ್ತಿಕೊಂಡು ಹಿಡಿತ ಹಾಕುತ್ತದೆ, ನಾಲಿಗೆ ಆಡಿಸುತ್ತಾ ಸುತ್ತ ನೋಡುತ್ತದೆ. ಸೋತ ಹಾವು ಒದ್ದೆ ಹಗ್ಗದ ಹಾಗೆ ಜೋತು ಬೀಳುತ್ತದೆ. ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ಇದೊಂದೇ ಸಾಕು, ಡಾಕ್ಟರಿಗೆ ಫೋನ್ ಮಾಡಲು.

ಕಣ್ಣು ಎರಡೂ ಒಂದೇ ಥರ ಇರಬೇಕು. ಎರಡೂ ಮಬ್ಬಾದರೆ ಪೊರೆ, ಒಂದೇ ಮಬ್ಬಾದರೆ ಅಥವಾ ಉಬ್ಬಿದರೆ ಗಾಯ ಇಲ್ಲವೇ ಸೋಂಕು. ಗುಳಿ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಮೂಗಿನ ಹೊಳ್ಳೆ ಒಣಗಿ ಸ್ವಚ್ಛವಾಗಿರಬೇಕು. ಬಾಯಿ ಸಾಲು ಸರಿಯಾಗಿ ಮುಚ್ಚಿಕೊಂಡಿರಬೇಕು. ಬಾಯೊಳಗೆ ನೋಡಲು ಒತ್ತಾಯ ಮಾಡಬೇಡಿ, ಅಭ್ಯಾಸ ಇಲ್ಲದವರು ಹಲ್ಲು ಮುರಿಯುತ್ತಾರೆ. ಅದು ಆಕಳಿಸಿದಾಗ ಟಾರ್ಚ್ ಹಿಡಿದರೆ ಸಾಕು. ವಸಡು ತೆಳು ಗುಲಾಬಿಯಾಗಿದ್ದರೆ ಸರಿ. ಕೆಂಪು ಚುಕ್ಕೆ, ಊತ, ಗಟ್ಟಿ ಹಳದಿ ಮುದ್ದೆ ಕಂಡರೆ ಬಾಯಿಹುಣ್ಣು. ಹಾವಿನ ಕೀವು ನಮ್ಮದರ ಹಾಗೆ ನೀರಾಗಿ ಹರಿಯುವುದಿಲ್ಲ, ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೇ ಬರೀ ಮಾತ್ರೆಯಿಂದ ಹೋಗುವುದಿಲ್ಲ, ಡಾಕ್ಟರೇ ತೆಗೆದು ಸ್ವಚ್ಛ ಮಾಡಬೇಕು.

ಆಮೇಲೆ ಹೆಬ್ಬೆರಳನ್ನು ಮೆಲ್ಲಗೆ ಬೆನ್ನ ಮೇಲೆ, ಹೊಟ್ಟೆಯ ಮೇಲೆ ಓಡಿಸಿ. ಬೆನ್ನುಮೂಳೆ ಎದ್ದು ಕಂಡು ಮೈ ತ್ರಿಕೋನವಾಗಿದ್ದರೆ ಸೊರಗಿದೆ. ಗಂಟು ಸಿಕ್ಕಿದರೆ ಎಲ್ಲಿ ಅಂತ ಗುರುತು ಹಾಕಿಕೊಳ್ಳಿ. ಊಟ ಆಗಿ ನಾಲ್ಕೈದು ದಿನ ಆಗಿಲ್ಲದಿದ್ದರೆ ಅದು ಇಲಿಯೇ ಇರಬಹುದು, ಗಾಬರಿಯಾಗಬೇಡಿ. ಹೆಣ್ಣು ಹಾವಾದರೆ ಹಿಂಭಾಗದ ಉಬ್ಬು ಮೊಟ್ಟೆಯೂ ಆಗಿರಬಹುದು. ಗಂಡಿನ ಜೊತೆ ಬಿಡದಿದ್ದರೂ ಮೊಟ್ಟೆ ಕಟ್ಟುವುದುಂಟು. ಕೆಲವು ಮೊಟ್ಟೆ ಇಟ್ಟು ಉಳಿದದ್ದು ಒಳಗೇ ನಿಂತು ಹಾವು ತಿಣುಕುತ್ತಿದ್ದರೆ ಡಾಕ್ಟರೇ ಗತಿ, ಒತ್ತಿ ಹೊರಗೆ ತೆಗೆಯಲು ಹೋಗಬೇಡಿ. ಒಳಗೇ ಒಡೆದರೆ ಹಾವು ಉಳಿಯುವುದು ಕಷ್ಟ.

ಕೊನೆಗೆ ಮಲದ್ವಾರ ಮತ್ತು ಬಾಲದ ತುದಿ. ಮಲ ಮೆತ್ತಿಕೊಂಡಿರಬಾರದು, ಊದಿರಬಾರದು.

ರೋಗವಲ್ಲದ್ದು ಯಾವುದು?

ಹೊಸಬರು ಹೆದರುವುದು ಹೆಚ್ಚಾಗಿ ಇವಕ್ಕೆ. ಕಣ್ಣು ನೀಲಿ ಮಬ್ಬಾಗುವುದು, ಬಣ್ಣ ಮಾಸುವುದು, ಹೊಟ್ಟೆ ಗುಲಾಬಿಯಾಗುವುದು, ಸಿಡುಕುವುದು, ಊಟ ಬೇಡ ಅನ್ನುವುದು: ಎಲ್ಲ ಪೊರೆಯ ಸೂಚನೆ. ಕಣ್ಣು ಮತ್ತೆ ತಿಳಿಯಾಗಿ ಕೆಲವೇ ದಿನದಲ್ಲಿ ಪೊರೆ ಬೀಳುತ್ತದೆ. ಆ ಹೊತ್ತಿಗೆ ಮೂಗಿನೊಳಗಿನ ಚರ್ಮ ಸಡಿಲವಾಗಿ ಸಣ್ಣ ಸಿಳ್ಳೆಯ ಸದ್ದೂ ಬರಬಹುದು, ಪೊರೆಯ ಜೊತೆ ಅದೂ ಹೋಗಬೇಕು. ತಿಂದ ಮೇಲೆ ದೊಡ್ಡದಾಗಿ ಆಕಳಿಸುವುದು ದವಡೆ ಸರಿಮಾಡಿಕೊಳ್ಳಲು. ಮಲದ ಜೊತೆ ಬರುವ ಬಿಳಿ ಸುಣ್ಣದಂಥ ಗಟ್ಟಿ ಅದರ ಮೂತ್ರ.

ಬಾಲ್ ಪೈಥಾನ್‌ನ ಉಪವಾಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೆಳೆದ ಹಾವು ತಂಪಿನ ತಿಂಗಳುಗಳಲ್ಲಿ, ಬೆದೆಯ ಕಾಲದಲ್ಲಿ ಎರಡು ಮೂರು ತಿಂಗಳು ತಿನ್ನದೇ ಇರುತ್ತದೆ, ಕೆಲವು ಇನ್ನೂ ಹೆಚ್ಚು. ತೂಕ ಹಾಗೇ ಇದ್ದರೆ, ಮೈ ಗಟ್ಟಿ ಇದ್ದರೆ ಬಿಟ್ಟುಬಿಡಿ. ತೂಕದ ಹತ್ತನೇ ಒಂದು ಭಾಗ ಇಳಿದರೆ ಆಗ ಡಾಕ್ಟರು. ಮರಿಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಮರಿ ಮೂರು ನಾಲ್ಕು ಊಟ ಸತತವಾಗಿ ಬಿಟ್ಟರೆ ಕಾಯಬೇಡಿ. ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಊಟ ಬಿಡುವ ಜಾತಿ ಅಲ್ಲ, ಅದು ಬಿಟ್ಟರೆ ಬೇಗ ಅನುಮಾನಪಡಿ.

ಹಂತ 4: ಉಸಿರಿಗೆ ಕಿವಿ ಕೊಡಿ

ನಮ್ಮ ಊರಿನಲ್ಲಿ ಹಾವು ಸಾಕುವವರು ಒಂದೇ ಕಾಯಿಲೆ ಕಲಿಯುವುದಾದರೆ ಇದನ್ನು ಕಲಿಯಬೇಕು. ಆಟಿ ತಿಂಗಳ ಮಳೆ, ಎರಡು ದಿನ ಕರೆಂಟಿಲ್ಲ, ರಾತ್ರಿ 23 ಡಿಗ್ರಿ, ಬಾಕ್ಸಿನೊಳಗೆ ತೇವಾಂಶ ಶೇಕಡಾ 90. ಶ್ವಾಸಕೋಶಕ್ಕೆ ಸೋಂಕು ತಗಲಲು ಇಷ್ಟು ಸಾಕು.

ಹಾವಿಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟದ ಸ್ನಾಯು) ಇಲ್ಲ, ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಬಲ ಶ್ವಾಸಕೋಶವೇ ಮುಖ್ಯ. ಕಾರ್ನ್ ಸ್ನೇಕ್‌ನಂಥ ಹಾವುಗಳಲ್ಲಿ ಎಡದ್ದು ಹೆಸರಿಗೆ ಮಾತ್ರ, ಪೈಥಾನ್‌ಗಳಲ್ಲಿ ಇದ್ದರೂ ಬಲದ್ದಕ್ಕಿಂತ ಸಣ್ಣದು. ಒಳಗೆ ಕೂಡಿದ ಲೋಳೆ ಅಲ್ಲೇ ನಿಲ್ಲುತ್ತದೆ.

ಫ್ಯಾನ್, ಟಿವಿ ನಿಲ್ಲಿಸಿ ಕಿವಿಗೊಡಿ. ಆರೋಗ್ಯದ ಹಾವಿನ ಉಸಿರು ಕೇಳಿಸುವುದೇ ಇಲ್ಲ. ಪೊರೆಯ ಕಾಲವಲ್ಲದಿದ್ದರೂ ಸಿಳ್ಳೆ, ಟಿಕ್ ಟಿಕ್, ಗೊರಗೊರ ಕೇಳಿದರೆ ಶುರುವಾಗಿದೆ. ಮೂಗಿನಲ್ಲಿ ಗುಳ್ಳೆ, ಬಾಯಂಚಿನಲ್ಲಿ ನೊರೆ ಅಥವಾ ಎಳೆ ಎಳೆಯಾದ ಲೋಳೆ ಕಂಡರೆ ಮುಂದುವರಿದಿದೆ. ಬಾಯಿ ತೆರೆದೇ ಉಸಿರಾಡುತ್ತಿದ್ದರೆ, ಮೂತಿ ಮೇಲಕ್ಕೆತ್ತಿ ಗೋಡೆಗೆ ಒರಗಿಸಿ ಕೂತಿದ್ದರೆ ಆ ದಿನವೇ ಹೊರಡಿ. ನಾಳೆ ನೋಡುವ ಅನ್ನಬೇಡಿ. ಇದು ಬರೀ ಬ್ಯಾಕ್ಟೀರಿಯಾದಿಂದಲೇ ಬರಬೇಕೆಂದಿಲ್ಲ. ಬಾಲ್ ಪೈಥಾನ್‌ಗಳಲ್ಲಿ ನಿಡೋವೈರಸ್ ಕೂಡ ಹೀಗೇ ಕಾಣಿಸುತ್ತದೆ, ಒಂದರಿಂದ ಒಂದಕ್ಕೆ ಹರಡುತ್ತದೆ. ಹಾಗಾಗಿ ಮನೆಯಲ್ಲಿ ಇನ್ನೊಂದು ಹಾವಿದ್ದರೆ ಕೂಡಲೇ ಬೇರೆ ಕೋಣೆಗೆ ಮಾಡಿ.

ಶುರುವಿನಲ್ಲೇ ಗೊತ್ತಾದರೆ ಮಾಡಬೇಕಾದದ್ದು: ತಂಪು ಬದಿಯೂ 27ಕ್ಕಿಂತ ಕೆಳಗೆ ಇಳಿಯದ ಹಾಗೆ ರಾತ್ರಿಯೂ ಬಿಸಿ ಕೊಡಿ, ನೆಲಕ್ಕೆ ಒಣ ನ್ಯೂಸ್‌ಪೇಪರ್ ಹಾಕಿ ದಿನಾ ಬದಲಿಸಿ, ಊಟ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಔಷಧಿ ಸಾಮಾನ್ಯವಾಗಿ ಇಂಜೆಕ್ಷನ್. ಕೆಲವನ್ನು ಮೂರು ದಿನಕ್ಕೊಮ್ಮೆ ವಾರಗಟ್ಟಲೆ ಕೊಡುತ್ತಾರೆ. ಸದ್ದು ನಿಂತಿತು ಅಂತ ನಡುವೆ ಬಿಟ್ಟರೆ ಮತ್ತೆ ಬರುತ್ತದೆ. ಬಾಕ್ಸ್ ತಣ್ಣಗಿದ್ದರೆ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾವಿನ ಮೈ ಬಿಸಿಯ ಮೇಲೇ ಎಲ್ಲ ನಿಂತಿರುವುದು.

ಮಳೆಗಾಲದ ತಯಾರಿ ಪತ್ತನಾಜೆ ಕಳೆದ ಕೂಡಲೇ ಆಗಬೇಕು. ಬಾಕ್ಸಿನ ಎರಡು ಎದುರುಬದುರು ಬದಿಯಲ್ಲಿ ಗಾಳಿಯ ತೂತು ಇರಲಿ. ಬೋಗುಣಿ ಸಣ್ಣದಾಗಲಿ, ಹೀಟ್ ಮ್ಯಾಟ್‌ನ ಮೇಲೆ ಇರಬಾರದು. ಬಿಸಿ ಸರಿ ಇದ್ದರೆ ತೇವಾಂಶ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ತೆಂಗಿನ ನಾರಿನ ಹುಡಿ ಬೇಸಿಗೆಗೆ ಒಳ್ಳೆಯದು, ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಆಗ ಪೇಪರೇ ಉತ್ತಮ. ಮರದ ಮಿಲ್ಲಿನ ಹುಡಿ ಯಾವ ಕಾಲಕ್ಕೂ ಬೇಡ, ಅದರ ಧೂಳೇ ಒಂದು ಕಾಯಿಲೆ. ಸೊಳ್ಳೆ ಬತ್ತಿ, ಅಗರಬತ್ತಿ, ಫಿನಾಯಿಲ್, ನುಸಿಗುಳಿಗೆ ಇವು ಹಾವಿನ ಕೋಣೆಯ ಹೊರಗಿರಲಿ.

ಹಂತ 5: ಹುರುಪೆ, ಪೊರೆ, ನುಸಿ

ಹಾವನ್ನು ಎತ್ತಿ ಹೊಟ್ಟೆಯ ಭಾಗ ಬೆಳಕಿಗೆ ಹಿಡಿಯಿರಿ. ಅಗಲ ಹುರುಪೆಗಳ ಅಂಚು ಕಂದು ಅಥವಾ ಕೆಂಪಾಗಿದ್ದರೆ, ನೀರು ತುಂಬಿದ ಸಣ್ಣ ಗುಳ್ಳೆಗಳಿದ್ದರೆ ಹುರುಪೆ ಕೊಳೆಯಲು ಶುರುವಾಗಿದೆ. ಒದ್ದೆ ನೆಲ, ತೆಗೆಯದೆ ಬಿಟ್ಟ ಮಲ ಇದಕ್ಕೆ ಕಾರಣ, ನಮ್ಮಲ್ಲಿ ಮಳೆಗಾಲದ ಮಾಮೂಲಿ. ಹೀಟ್ ಮ್ಯಾಟ್ ಸುಟ್ಟದ್ದೂ ಹೀಗೇ ಕಾಣುತ್ತದೆ, ಆದರೆ ಅದು ಸಾಮಾನ್ಯವಾಗಿ ಒಂದೇ ಕಡೆ ದೊಡ್ಡ ಮಚ್ಚೆಯಾಗಿರುತ್ತದೆ. ಎರಡಕ್ಕೂ ಒಣ ಪೇಪರಿನ ಮೇಲೆ ಇಡುವುದು ಮೊದಲ ಕೆಲಸ. ನೀರು ಮಿಶ್ರ ಮಾಡಿ ಟೀ ಬಣ್ಣಕ್ಕೆ ಬಂದ ಪೊವಿಡೋನ್ ಅಯೋಡಿನ್‌ನಿಂದ ಮೆಲ್ಲಗೆ ಒರೆಸಬಹುದು. ಗುಳ್ಳೆ ಒಡೆಯಬೇಡಿ. ಮಚ್ಚೆ ಹರಡಿದರೆ ಅಥವಾ ವಾಸನೆ ಬಂದರೆ ಡಾಕ್ಟರು.

ಮನೆಯ ಹಿರಿಯರು ಅರಿಶಿನ ಹಚ್ಚು ಅನ್ನುತ್ತಾರೆ. ಬೇಡ. ಹುಡಿ ಗಾಯದಲ್ಲಿ ಗಟ್ಟಿಯಾಗಿ ಕೂತು ಒಳಗೆ ಏನಾಗಿದೆ ಅಂತ ಡಾಕ್ಟರಿಗೂ ಕಾಣದ ಹಾಗೆ ಮಾಡುತ್ತದೆ. ಹಾಗೆಯೇ ನಾಗರಪಂಚಮಿಯ ದಿನ ಹಾಲು ಕೊಡುವ ಆಸೆ ಎಷ್ಟೇ ಇದ್ದರೂ ಅದನ್ನು ಬನದ ಕಲ್ಲಿಗೆ ಎರೆಯಿರಿ. ಹಾವಿಗೆ ಹಾಲು ಅರಗುವುದಿಲ್ಲ.

ಪೊರೆ ಚೂರುಚೂರಾಗಿ ಬಂದರೆ ಎರಡು ಜಾಗ ನೋಡಿ. ಒಂದು, ಬಾಲದ ತುದಿ. ಅಲ್ಲಿ ಹಳೆ ಪೊರೆ ಉಂಗುರವಾಗಿ ಉಳಿದರೆ ರಕ್ತ ಓಡಾಟ ನಿಂತು ತುದಿ ಕಪ್ಪಾಗಿ ಸತ್ತುಹೋಗುತ್ತದೆ. ಎರಡು, ಕಣ್ಣಿನ ಮೇಲಿನ ಮುಚ್ಚಳ. ಬಿದ್ದ ಪೊರೆಯ ತಲೆಭಾಗದಲ್ಲಿ ಎರಡು ಕಣ್ಣಿನ ಗುಂಡು ಇದೆಯಾ ಅಂತ ಲೆಕ್ಕ ಹಾಕಿ. ಉಳಿದ ಪೊರೆಗೆ 28ರಿಂದ 30 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಒದ್ದೆ ಟವೆಲ್ಲಿನ ನಡುವೆ ಹರಿದಾಡಲು ಬಿಡಿ. ನೀರು ಅದರ ಮೈಯ ಅರ್ಧದಷ್ಟೇ ಆಳ ಇರಲಿ, ಪಕ್ಕದಲ್ಲೇ ಇರಿ. ಕಣ್ಣಿನ ಮುಚ್ಚಳಕ್ಕೆ ಮಾತ್ರ ಚಿಮಟ ಹಾಕಬೇಡಿ, ಕಣ್ಣೇ ಹೋಗಬಹುದು. ಮುಂದಿನ ಪೊರೆಯಲ್ಲೂ ಬರದಿದ್ದರೆ ಡಾಕ್ಟರು ತೆಗೆಯಲಿ. ಇಲ್ಲಿ ಒಣ ಗಾಳಿಯ ತೊಂದರೆ ಬರುವುದು ಹೆಚ್ಚಾಗಿ ಜನವರಿ ಫೆಬ್ರವರಿಯಲ್ಲಿ, ಇಲ್ಲವೇ ಎಸಿ ಕೋಣೆಯಲ್ಲಿ. ಜುಲೈಯಲ್ಲಿ ಪೊರೆ ಸರಿಯಾಗಿ ಬಿಡದಿದ್ದರೆ ತೇವ ಕಡಿಮೆ ಅಂತ ನೀರು ಎರಚಬೇಡಿ, ಒಳಗೆ ಬೇರೆ ಕಾಯಿಲೆ ಇದೆಯಾ ನೋಡಿಸಿ.

ನುಸಿ. ತೆಂಗಿನಕಾಯಿಗೆ ಬರುವ ನುಸಿ ಬೇರೆ, ಇದು ರಕ್ತ ಹೀರುವಂಥದ್ದು. ಸಾಸಿವೆಗಿಂತ ಸಣ್ಣ ಕಪ್ಪು ಕಂದು ಚುಕ್ಕೆ, ನಡೆದಾಡುತ್ತದೆ. ಕಣ್ಣಿನ ಸುತ್ತ, ಗಲ್ಲದ ಕೆಳಗಿನ ಗೀರಿನಲ್ಲಿ ಇರುತ್ತದೆ. ಬಿಳಿ ಟಿಶ್ಯೂ ಕಾಗದ ಒದ್ದೆ ಮಾಡಿ ಮೈ ಒರೆಸಿದರೆ ಅಂಟಿಕೊಳ್ಳುತ್ತದೆ, ಬೋಗುಣಿಯ ತಳದಲ್ಲಿ ಸತ್ತದ್ದೂ ಕಾಣುತ್ತದೆ. ನುಸಿ ರಕ್ತ ಕುಡಿದು ಹಾವನ್ನು ಸೊರಗಿಸುವುದಲ್ಲದೆ ರೋಗವನ್ನೂ ಹೊತ್ತು ತರುತ್ತದೆ. ಸೀಮೆಎಣ್ಣೆ, ಬೇವಿನೆಣ್ಣೆ, ನಾಯಿಯ ಉಣ್ಣಿಗೆ ಹಾಕುವ ಔಷಧಿ ಯಾವುದನ್ನೂ ನಿಮ್ಮ ಅಂದಾಜಿನಲ್ಲಿ ಹಚ್ಚಬೇಡಿ. ಮದ್ದಿನ ಪ್ರಮಾಣ ತಪ್ಪಿದರೆ ನುಸಿಯ ಜೊತೆ ಹಾವೂ ಹೋಗುತ್ತದೆ. ಮೊಟ್ಟೆಗಳು ಬಾಕ್ಸಿನ ಸಂದಿಯಲ್ಲಿರುವುದರಿಂದ ಬಾಕ್ಸನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸುವುದು, ಒಳಗಿನ ಮರದ ತುಂಡುಗಳನ್ನು ಸುಟ್ಟುಬಿಡುವುದು ಅರ್ಧ ಚಿಕಿತ್ಸೆ. ಹೊಸ ಹಾವು ತಂದರೆ ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲೇ ಇಡಿ ಅನ್ನುವುದು ಇದಕ್ಕಾಗಿಯೇ.

ಹಂತ 6: ಕಕ್ಕಿದ್ದು, ಹಾಕಿದ್ದು, ಹೊರಬಂದದ್ದು

ಒಂದು ಸಲ ಇಲಿ ಕಕ್ಕಿದರೆ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ತಿಂದ 48 ಗಂಟೆಯೊಳಗೆ ಎತ್ತಿದ್ದೆವಾ? ಬಾಕ್ಸ್ ತಣ್ಣಗಿತ್ತಾ? ಇಲಿ ತುಂಬ ದೊಡ್ಡದಿತ್ತಾ? ಹತ್ತರಿಂದ ಹದಿನಾಲ್ಕು ದಿನ ಏನೂ ಕೊಡದೆ, ಆಮೇಲೆ ಅರ್ಧ ಗಾತ್ರದ ಇಲಿ ಕೊಡಿ. ಮತ್ತೆ ಕಕ್ಕಿದರೆ ಮನೆಮದ್ದು ಮುಗಿಯಿತು. ಮೈಯ ನಡುಭಾಗದಲ್ಲಿ ಗಟ್ಟಿ ಊತವೂ ಇದ್ದರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿಯ ಅನುಮಾನ ಬರುತ್ತದೆ. ಅದು ಪೂರ್ತಿ ಗುಣವಾಗುವುದಿಲ್ಲ, ಬೇರೆ ಹಾವುಗಳಿಗೆ ಬೇಗ ಹರಡುತ್ತದೆ.

ಮಲ ನೀರಾಗಿ, ಹಸಿರಾಗಿ, ರಕ್ತ ಸೇರಿ ಬಂದರೆ ಅದೇ ದಿನ ಒಂದು ಸ್ವಚ್ಛ ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಿ. ಬೋನಿಗೆ ಬಿದ್ದ ಮನೆ ಇಲಿಯನ್ನು ಹಾವಿಗೆ ಹಾಕುವವರಿದ್ದಾರೆ. ಆ ಇಲಿ ಪಕ್ಕದ ಮನೆಯ ಇಲಿ ಪಾಷಾಣ ತಿಂದು ಬಂದಿರಬಹುದು, ಹುಳುವಂತೂ ಇದ್ದೇ ಇರುತ್ತದೆ. ಜೀವಂತ ಇಲಿ ಹಾಕಿ ಹಾಗೇ ಬಿಟ್ಟರೆ ಅದು ಹಾವನ್ನೇ ಕಚ್ಚಿ ತಿನ್ನುತ್ತದೆ, ಉತ್ಪ್ರೇಕ್ಷೆಯಲ್ಲ.

ಮಲದ್ವಾರದಿಂದ ಗುಲಾಬಿ ಮಾಂಸದ ತುಂಡು ಹೊರಬಂದು ಒಳಗೆ ಹೋಗದಿದ್ದರೆ ತುರ್ತು. ಒಣಗಲು ಬಿಡಬೇಡಿ. ಸ್ವಚ್ಛ ನೀರಿನಲ್ಲಿ ಸಕ್ಕರೆ ಗಟ್ಟಿಯಾಗಿ ಕರಗಿಸಿ, ಅದರಲ್ಲಿ ಅದ್ದಿದ ಮೆತ್ತಗಿನ ಬಟ್ಟೆ ಸುತ್ತಿ ಹೊರಡಿ. ಒಳಗೆ ತಳ್ಳಲು ಹೋಗಬೇಡಿ.

ಹಂತ 7: ತಲೆಯ ತೊಂದರೆ

ತಲೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತಾ ಉಳಿಯುವುದು, ಕುತ್ತಿಗೆ ತಿರುಚಿಕೊಳ್ಳುವುದು, ಇಲಿಗೆ ಗುರಿಯಿಟ್ಟು ಪಕ್ಕಕ್ಕೆ ಬೀಳುವುದು. ಮೆಲ್ಲಗೆ ಬೆನ್ನ ಮೇಲೆ ಮಲಗಿಸಿದರೆ ಗಟ್ಟಿ ಹಾವು ತಕ್ಷಣ ಮಗುಚಿಕೊಳ್ಳುತ್ತದೆ. ಮಗುಚಲು ಆಗದಿದ್ದರೆ ಮೆದುಳು ನರದ ತೊಂದರೆ. ಸೆಕೆಯ ಹೊಡೆತ, ಕೀಟನಾಶಕದ ವಿಷ, ಬೋವಾ ಮತ್ತು ಪೈಥಾನ್‌ಗಳಿಗೆ ಬರುವ ಐಬಿಡಿ ಎಂಬ ವೈರಸ್ ಕಾಯಿಲೆ, ಹೀಗೆ ಕಾರಣ ಹಲವು. ಐಬಿಡಿಗೆ ಮದ್ದಿಲ್ಲ. ‘ಸ್ಪೈಡರ್’ ಬಣ್ಣದ ಬಾಲ್ ಪೈಥಾನ್‌ಗಳ ತಲೆ ನಡುಗುವುದು ಮಾತ್ರ ಬೇರೆ. ಅದು ಆ ಬಣ್ಣದ ವಂಶವಾಹಿಯ ಜೊತೆ ಹುಟ್ಟಿನಿಂದಲೇ ಬರುತ್ತದೆ. ಮಾರುವವರು ‘ಅದು ಹಾಗೇ, ಚಂದ’ ಅನ್ನುತ್ತಾರೆ. ನನ್ನ ಕೇಳಿದರೆ ಅಂಥ ಹಾವು ಕೊಳ್ಳಲೇಬಾರದು.

ಹಂತ 8: ಡಾಕ್ಟರ ಹತ್ತಿರ ಹೋಗುವುದು

ಊರಿನ ಮೃಗಾಸ್ಪತ್ರೆಯ ಡಾಕ್ಟರು ದನ, ಆಡು, ನಾಯಿ ನೋಡುವುದರಲ್ಲಿ ಪಳಗಿದವರು. ಹಾವು ನೋಡಿಯೇ ಇಲ್ಲ ಅಂದರೆ ಅದು ಅವರ ತಪ್ಪಲ್ಲ. ಆದ್ದರಿಂದ ಹಾವು ಗಟ್ಟಿ ಇರುವಾಗಲೇ ಫೋನ್ ಮಾಡಿ ‘ಹಾವು ನೋಡ್ತೀರಾ ಸಾರ್, ಇಲ್ಲದಿದ್ದರೆ ಯಾರು ನೋಡ್ತಾರೆ’ ಅಂತ ಕೇಳಿ ಹೆಸರು ಬರೆದಿಟ್ಟುಕೊಳ್ಳಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಮಂಗಳೂರು ಹತ್ತಿರ. ದೊಡ್ಡ ಪರೀಕ್ಷೆ ಬೇಕಾದರೆ ವಯನಾಡಿನ ಪೂಕೋಡು, ತೃಶ್ಶೂರಿನ ಮಣ್ಣುತ್ತಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಇಲ್ಲೂ ಹೊರಡುವ ಮೊದಲು ಫೋನ್ ಮಾಡಿ.

ಹಾವನ್ನು ಹತ್ತಿಯ ತಲೆದಿಂಬಿನ ಕವರಿಗೆ ಬಿಟ್ಟು ಬಾಯಿಗೆ ಗಂಟು ಹಾಕಿ, ತೂತು ಮಾಡಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. ಮೀನು ಬರುವ ಪೆಟ್ಟಿಗೆಯಾದರೆ ಚೆನ್ನಾಗಿ ತೊಳೆದಿರಬೇಕು. ಮಳೆಯ ದಿನವಾದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಮೂಲೆಯಲ್ಲಿಡಿ, ಹಾವಿಗೆ ನೇರ ತಾಗಬಾರದು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ. ಬಸ್ಸಿನಲ್ಲಿ ಹೋಗುವ ಯೋಚನೆ ಬಿಡಿ. ಚೀಲ ಸರಿದಾಡುವುದನ್ನು ಪಕ್ಕದವರು ಕಂಡರೆ ಬಸ್ಸು ನಿಲ್ಲುವುದು ಪೊಲೀಸ್ ಸ್ಟೇಶನ್ ಮುಂದೆ. ದಾರಿಯಲ್ಲಿ ತಪ್ಪಿಸಿಕೊಂಡರೆ ಇನ್ನೂ ಕಷ್ಟ. ಬಾಲ್ ಪೈಥಾನ್‌ನ ಮಚ್ಚೆ ನೋಡಿ ಮಂಡಲದ ಹಾವು ಅಂದುಕೊಂಡವರು ನೋಂದಣಿ ಕಾಗದ ಕೇಳಿ ಕೋಲೆತ್ತುವುದಿಲ್ಲ.

ಜೊತೆಗೆ ತೂಕದ ಪುಸ್ತಕ, ಬಾಕ್ಸಿನ ಫೋಟೋ, ಉಸಿರಿನ ಸದ್ದಿನ ವಿಡಿಯೋ, ಸಿಕ್ಕಿದರೆ ಮಲ ಮತ್ತು ಕೊನೆಯ ಪೊರೆ ತೆಗೆದುಕೊಂಡು ಹೋಗಿ. ಡಾಕ್ಟರ ಮುಂದೆ ಹಾವು ಚುರುಕಾಗಿ ನಟಿಸುವುದು ಮಾಮೂಲಿ. ಆಗ ವಿಡಿಯೋವೇ ಸಾಕ್ಷಿ. ಮನೆಯಲ್ಲಿ ಉಳಿದ ಮನುಷ್ಯರ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಕೊಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ, ಹೇಳಿ. ಇನ್ನೊಂದು ಔಷಧಿಯ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಹಾವು ಉಳಿಯದಿದ್ದರೆ, ಮನೆಯಲ್ಲಿ ಬೇರೆ ಹಾವುಗಳಿದ್ದಾಗ ಮರಣೋತ್ತರ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವೈರಸ್ಸೋ ಕ್ರಿಪ್ಟೋವೋ ಎಂದು ಗೊತ್ತಾದರೆ ಉಳಿದವನ್ನು ಕಾಪಾಡಬಹುದು. ದೇಹವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸಿನ ಪೆಟ್ಟಿಗೆಯಲ್ಲಿ ತಂಪಾಗಿಡಿ. ಫ್ರೀಜರಿನಲ್ಲಿಟ್ಟರೆ ಒಳಗಿನ ಅಂಗಾಂಶ ಕೆಟ್ಟು ಪರೀಕ್ಷೆಗೆ ಸರಿಯಾಗುವುದಿಲ್ಲ. ನೋಂದಾಯಿಸಿದ ಹಾವಾದರೆ ಸತ್ತದ್ದನ್ನೂ ಪೋರ್ಟಲ್‌ನಲ್ಲಿ ತಿಳಿಸಬೇಕು, ಪರೀಕ್ಷೆಯ ವರದಿ ಇದ್ದರೆ ಅದನ್ನೂ ಜೊತೆಗಿಡಿ.